ರೇಡಿಯೋಗೊಂದು ಅಂಗಿ, ಅತ್ತೆಗೊಂದು ಕಾರ್ಡಿಗನ್

ನಮ್ಮ ಮನೆಯ ರೇಡಿಯೋಗೆ ಒಂದು ಅಂಗಿ ಇತ್ತು. ಹಾಲುಬಿಳುಪಿನ ನೂಲಿನಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದದ್ದು. ಅಂಚಿನ ಸುತ್ತ ಗುಲಾಬಿ ಬಣ್ಣದ ಅಲೆ. ಸ್ಟೇಷನ್ ತಿರುಗಿಸುವ ಗುಂಡಿಗಳಿಗೆ ಅಡ್ಡ ಬರಬಾರದೆಂದು ಮುಂಭಾಗದಲ್ಲಿ ಎರಡು ಬೆರಳಿನಷ್ಟು ಮಾತ್ರ ಇಳಿಬಿಟ್ಟಿತ್ತು. ಅಳತೆ ಅಷ್ಟು ಕರಾರುವಾಕ್ಕು. ಹೆಣೆದವರು ನನ್ನ ಸೋದರತ್ತೆ.

ಕೇಳುಗರೇ, ಅತ್ತೆಯ ಕೈಯಿಂದ ಉಡುಗೆ ತೊಟ್ಟ ವಸ್ತುಗಳನ್ನು ಈಗ ನೆನೆಸಿಕೊಂಡರೆ ದೊಡ್ಡ ಪಟ್ಟಿಯೇ ಆಗುತ್ತದೆ. ಬೆತ್ತದ ಕುರ್ಚಿಗಳ ಬೆನ್ನು, ಟ್ರಂಕು, ದೇವರ ಮನೆಯ ಬಾಗಿಲು, ನೀರಿನ ಹೂಜಿ. ಹೂಜಿಯ ಮುಚ್ಚಿಗೆ ಗಾಳಿಗೆ ಹಾರದಂತೆ ಅಂಚಿಗೆ ಗಾಜಿನ ಮಣಿ ಕಟ್ಟಿರುತ್ತಿದ್ದರು. ಬಂಧುಬಳಗದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಒಂದು ಕುಲಾವಿ. ಹಾಸನದ ಕಡೆ ಧನುರ್ಮಾಸದ ಬೆಳಗು ಹೇಗಿರುತ್ತದೆಂದು ಬಲ್ಲವರು ಬಲ್ಲರು, ಬಾವಿಯ ಹಗ್ಗ ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಅಂಥ ಬೆಳಗಿನಲ್ಲಿ ಅತ್ತೆ ಸೆರಗನ್ನು ಹೆಗಲಿಗೆ ಬಿಗಿಯಾಗಿ ಸುತ್ತಿಕೊಂಡು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ರೇಡಿಯೋಗೆ ಅಂಗಿ ಇತ್ತು, ಅವರಿಗೆ ಇರಲಿಲ್ಲ. ಕೈಯಲ್ಲಿ ಅಷ್ಟು ವಿದ್ಯೆ ಇದ್ದ ಹೆಂಗಸು ತನ್ನ ಮೈಗೆಂದು ಒಂದು ಬೆಚ್ಚನೆಯ ತುಂಡನ್ನು ಹೆಣೆದುಕೊಳ್ಳಲಿಲ್ಲ. ನಮ್ಮ ಮನೆಯೊಂದರ ಕಥೆಯಲ್ಲ ಇದು. ಕೇಳುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲೂ ಹೀಗೇ ಇದ್ದಿರಬೇಕು.

ಅದಕ್ಕೇ ಇವತ್ತು ಟೇಬಲ್ಲಿಗೆ, ಟಿವಿಗೆ, ಸೋಫಾಕ್ಕೆ ಹೆಣೆಯುವ ಮಾತು ಬೇಡ. ಕ್ರೋಶಾ ಕಡ್ಡಿಯನ್ನು ಒಮ್ಮೆಯೂ ಹಿಡಿಯದವರು ತಮ್ಮ ಮೈಗೊಪ್ಪುವ ಒಂದು ಕಾರ್ಡಿಗನ್ ಹೆಣೆದುಕೊಳ್ಳುವುದು ಹೇಗೆಂದು ಮಾತಾಡೋಣ. ಮೊದಲು ಕರವಸ್ತ್ರ, ಆಮೇಲೆ ಟೇಬಲ್ ಕ್ಲಾತು, ನಾಲ್ಕು ವರ್ಷ ಪಳಗಿದ ಮೇಲೆ ಉಡುಪು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೇ ಒಂದು ಹೆಣಿಗೆ ಕಲಿತರೆ ಸಾಕು, ದಸರೆಗೆ ಶುರುಮಾಡಿದ್ದನ್ನು ಧನುರ್ಮಾಸಕ್ಕೆ ತೊಡಬಹುದು.

ಕಾರ್ಡಿಗನ್ ಎಂದರೆ ಮುಂದೆ ತೆರೆದಿರುವ ಸ್ವೆಟರು. ನಾವು ಎಲ್ಲವನ್ನೂ ಸ್ವೆಟರು ಎಂದುಬಿಡುತ್ತೇವೆ. ಹೆಸರು ಬಂದದ್ದು ಇಂಗ್ಲೆಂಡಿನ ಒಬ್ಬ ಸೇನಾಧಿಕಾರಿಯಿಂದ, ಕಾರ್ಡಿಗನ್ನಿನ ಏಳನೆಯ ಅರ್ಲ್ ಜೇಮ್ಸ್ ಬ್ರೂಡ್ನೆಲ್. ಕ್ರಿಮಿಯಾ ಯುದ್ಧದಲ್ಲಿ, 1854ರಲ್ಲಿ, ಬಾಲಕ್ಲಾವಾ ಎಂಬಲ್ಲಿ ಕುದುರೆ ದಳವನ್ನು ಮುನ್ನಡೆಸಿದವನು. ಆ ಕಾಲದ ಉಣ್ಣೆಯ ಒಳಕೋಟಿಗೆ ಅವನ ಪದವಿಯ ಹೆಸರು ಅಂಟಿಕೊಂಡಿತು. ಅದು ಎರಡು ಕಡ್ಡಿಯ ನಿಟ್ಟಿಂಗ್, ಕ್ರೋಶಾ ಅಲ್ಲ. ದಂಡಿನ ಉಡುಪಾದರೂ ನಮ್ಮ ಸೀರೆಗೆ ಇದರಷ್ಟು ಹೊಂದುವ ಸ್ವೆಟರು ಬೇರೆ ಇಲ್ಲ. ತಲೆಯಿಂದ ಹಾಕಿಕೊಳ್ಳುವ ಸ್ವೆಟರಾದರೆ ತುರುಬು ಕೆಡುತ್ತದೆ, ಮುಡಿದ ಹೂವು ಉದುರುತ್ತದೆ, ಸೆರಗಿನ ನೆರಿಗೆ ಮುದ್ದೆಯಾಗುತ್ತದೆ. ಮುಂದೆ ತೆರೆದಿದ್ದರೆ ಅಡುಗೆಮನೆಯ ಒಲೆಯ ಮುಂದೆ ಸೆಕೆಯಾದಾಗ ತೆಗೆದು ಬಾಗಿಲ ಹಿಂದೆ ಇಟ್ಟು, ಹಿತ್ತಲಿಗೆ ಹೋಗುವಾಗ ಮತ್ತೆ ಹಾಕಿಕೊಳ್ಳಬಹುದು.

ಕ್ರೋಶಾ ಹೊಸಬರಿಗೆ ಸುಲಭ ಎನ್ನುವುದಕ್ಕೆ ಕಾರಣವಿದೆ. ನಿಟ್ಟಿಂಗಿನಲ್ಲಿ ಕಡ್ಡಿಯ ತುಂಬ ಕುಣಿಕೆಗಳು ಜೀವಂತವಾಗಿರುತ್ತವೆ; ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಬಿಚ್ಚುತ್ತಾ ಹೋಗುತ್ತದೆ. ಕ್ರೋಶಾದಲ್ಲಿ ಒಂದೊಂದು ಹೆಣಿಗೆ ಮುಗಿದಾಗಲೂ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಹಾಲು ಉಕ್ಕಿತೆಂದು ಎದ್ದು ಹೋಗಬೇಕಾದರೆ ಆ ಒಂದು ಕುಣಿಕೆಗೆ ಪಿನ್ನು ಚುಚ್ಚಿಟ್ಟು ಹೋದರಾಯಿತು. ತಪ್ಪಾದರೆ ದಾರದ ತುದಿ ಎಳೆಯಿರಿ, ಎಲ್ಲಿಗೆ ಬೇಕೋ ಅಲ್ಲಿಗೆ ಬಿಚ್ಚಿ ನಿಲ್ಲುತ್ತದೆ. ದಾರ ಹಾಳಾಗುವುದಿಲ್ಲ. ಬರಹದಲ್ಲಿ ತಪ್ಪಾದರೆ ಗೀಟು ಉಳಿಯುತ್ತದೆ, ಇಲ್ಲಿ ಅದೂ ಇಲ್ಲ.

ಸೀರೆಗೆ ಕುಚ್ಚು ಹಾಕುವ ಹೆಣ್ಣುಮಕ್ಕಳಿಗೆ ಒಂದು ಮಾತು: ನೀವು ಹೊಸಬರೇ ಅಲ್ಲ. ಸೆರಗಿನ ಅಂಚಿನಲ್ಲಿ ರೇಷ್ಮೆ ದಾರದಿಂದ ನೀವು ಎಳೆಯುವ ಸರಪಳಿ, ಮಣಿಯ ಪಕ್ಕದಲ್ಲಿ ಎಬ್ಬಿಸುವ ಕಂಬ, ಅವೇ ಇಲ್ಲೂ ಬರುತ್ತವೆ. ಕಡ್ಡಿ ಮಾತ್ರ ದಪ್ಪ. ಕುಚ್ಚಿನ ಕಡ್ಡಿಗೆ ಒಗ್ಗಿದ ಬೆರಳಿಗೆ ನಾಲ್ಕು ಮಿಲಿಮೀಟರಿನ ಕಡ್ಡಿ ಮೊದಲ ದಿನ ಒನಕೆಯಂತೆ ಅನ್ನಿಸುತ್ತದೆ, ಎರಡನೆಯ ದಿನಕ್ಕೆ ಸರಿಹೋಗುತ್ತದೆ.

ದಾರ ಕೊಳ್ಳುವಾಗ ಆತುರ ಬೇಡ. ಅಂಗಡಿಯಲ್ಲಿ ಉಂಡೆಯನ್ನು ಅಂಗೈಯಲ್ಲಿ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ, ಅಂಗೈ ಒರಟು. ಕಿವಿಯ ಕೆಳಗೆ ಕತ್ತಿನ ಪಕ್ಕಕ್ಕೆ ಇಟ್ಟುಕೊಂಡು ಒಂದು ನಿಮಿಷ ನಿಲ್ಲಿ. ಅಲ್ಲಿ ಚುಚ್ಚದ ದಾರ ಎಲ್ಲಿಯೂ ಚುಚ್ಚುವುದಿಲ್ಲ. ಅಪ್ಪಟ ಕುರಿಯುಣ್ಣೆ ಬಿಸುಪು ಹೆಚ್ಚು ಕೊಡುತ್ತದೆ, ಆದರೆ ಕೆಲವರಿಗೆ ತುರಿಕೆ. ಒಗೆಯುವುದೂ ಜೋಪಾನವಾಗಿ, ಬಿಸಿನೀರಿಗೆ ಹಾಕಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಹತ್ತಿ ನೂಲು ಮೈಗೆ ತಂಪು, ತೂಕ ಜಾಸ್ತಿ, ತೊಡುತ್ತಾ ತೊಡುತ್ತಾ ಉದ್ದಕ್ಕೆ ಜಗ್ಗುತ್ತದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಬಹುಪಾಲು ಕೊಡುವುದು ಅಕ್ರಿಲಿಕ್. ಅದು ಹಗುರ, ಬೇಗ ಒಣಗುತ್ತದೆ, ಬಣ್ಣ ನಿಲ್ಲುತ್ತದೆ. ಬೆಂಕಿಯ ಹತ್ತಿರ ಮಾತ್ರ ಎಚ್ಚರ, ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ ತೋಳು ಇಳಿಬಿಟ್ಟುಕೊಂಡು ನಿಲ್ಲಬಾರದು. ಬೆಂಗಳೂರು, ಮೈಸೂರಿನ ಚಳಿಗೆ ಹತ್ತಿ ಬೆರೆತ ಅಕ್ರಿಲಿಕ್ ನನಗೆ ಹಿಡಿಸಿದ್ದು. ಮಡಿಕೇರಿ, ಚಿಕ್ಕಮಗಳೂರಿನವರು ಉಣ್ಣೆ ಬೆರೆತದ್ದನ್ನು ತೆಗೆದುಕೊಳ್ಳಿ.

ಹೊಸಬರು ತಿಳಿಬಣ್ಣವನ್ನೇ ಆರಿಸಿಕೊಳ್ಳಬೇಕು. ಕಪ್ಪು, ಕಡುನೀಲಿಯಲ್ಲಿ ರಾತ್ರಿ ದೀಪದ ಕೆಳಗೆ ಕುಣಿಕೆಯೇ ಕಾಣುವುದಿಲ್ಲ. ಮಧ್ಯಮ ಮೈಕಟ್ಟಿನವರ ಕಾರ್ಡಿಗನ್ನಿಗೆ ಮಧ್ಯಮ ದಪ್ಪದ ಅಕ್ರಿಲಿಕ್ ದಾರ ನಾನೂರು ಗ್ರಾಂ ಹತ್ತಿರ ಹಿಡಿಯುತ್ತದೆ. 500 ಗ್ರಾಂ ಒಟ್ಟಿಗೇ ತನ್ನಿ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆ ಬಣ್ಣ ಅದ್ದಿದ ತಂಡದ ಸಂಖ್ಯೆಯೂ ಇರುತ್ತದೆ. ಎಲ್ಲ ಉಂಡೆಗಳಲ್ಲೂ ಅದು ಒಂದೇ ಇರಲಿ. ಆಮೇಲೆ ಹೋಗಿ ತಂದ ಉಂಡೆ ಅಂಗಡಿಯಲ್ಲಿ ಅದೇ ಬಣ್ಣ ಅನ್ನಿಸಿದರೂ ಬಿಸಿಲಿನಲ್ಲಿ ಬೆನ್ನ ಮೇಲೆ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ.

ಇನ್ನು ಕಡ್ಡಿ ಹಿಡಿಯೋಣ. ಪೆನ್ನಿನಂತೆ ಹಿಡಿದರೂ ಸರಿ, ಚಾಕುವಿನಂತೆ ಹಿಡಿದರೂ ಸರಿ. ಮಣಿಕಟ್ಟು ನೋಯದಿರುವುದೇ ಸರಿಯಾದ ಹಿಡಿತ. ದಾರದ ತುದಿಯಲ್ಲಿ ಒಂದು ಜೀರುಗುಣಿಕೆ ಹಾಕಿ ಕಡ್ಡಿಗೆ ಏರಿಸಿ. ಕಡ್ಡಿಯ ಕೊಕ್ಕಿಗೆ ದಾರ ಸಿಕ್ಕಿಸಿ ಕುಣಿಕೆಯೊಳಗಿಂದ ಎಳೆಯಿರಿ. ಅದು ಒಂದು ಸರಪಳಿ. ಹೀಗೆ ನೂರು ಸರಪಳಿ ಹಾಕಿ, ಬಿಚ್ಚಿ, ಮತ್ತೆ ಹಾಕಿ. ಮೊದಲ ದಿನ ಅಷ್ಟೇ ಸಾಕು. ನಿಮ್ಮ ಸರಪಳಿ ಹಗ್ಗದಂತೆ ಬಿಗಿದಿದ್ದರೆ ದಾರ ಹಿಡಿದ ಎಡಗೈ ಸಡಿಲಿಸಿ. ಅತ್ತೆ ಹೇಳುತ್ತಿದ್ದ ಮಾತು ಇದು: “ದಾರಾನ ಎಳೀಬೇಡ ಮಗೂ, ಅದು ತಾನೇ ಬರ್ಲಿ.”

ನಾವು ಕಲಿಯಬೇಕಾದ ಒಂದೇ ಹೆಣಿಗೆ ಎಂದೆನಲ್ಲ, ಅದು ಕಂಬ. ಕಡ್ಡಿಗೆ ದಾರ ಒಂದು ಸುತ್ತು ಸುತ್ತಿಕೊಂಡು, ಕೆಳಗಿನ ಹೆಣಿಗೆಯೊಳಗೆ ತೂರಿಸಿ, ದಾರ ಹಿಡಿದು ಈಚೆಗೆ ಎಳೆಯಿರಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದ ಎಳೆದರೆ ಎರಡು ಉಳಿಯುತ್ತವೆ. ಇನ್ನೊಮ್ಮೆ ಸುತ್ತಿ ಆ ಎರಡರಿಂದಲೂ ಎಳೆದರೆ ಒಂದು. ಕಂಬ ನಿಂತಿತು. ಮೂರು, ಎರಡು, ಒಂದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಕೈ ತಾನೇ ನಡೆಯುತ್ತದೆ. ಮೊಬೈಲಿನಲ್ಲಿ ನೋಡಿ ಕಲಿಯುವವರು ಒಂದನ್ನು ಗಮನಿಸಿ. ಇದೇ ಕಂಬವನ್ನು ಅಮೆರಿಕದವರು ಡಬಲ್ ಕ್ರೋಶೆ ಎನ್ನುತ್ತಾರೆ, ಇಂಗ್ಲೆಂಡಿನವರು ಟ್ರೆಬಲ್ ಎನ್ನುತ್ತಾರೆ. ಇಂಗ್ಲೆಂಡಿನ ಡಬಲ್ಲು ಇನ್ನೂ ಗಿಡ್ಡ ಕಂಬ. ಇದು ಗೊತ್ತಿಲ್ಲದೆ ತಮಗೆ ಬುದ್ಧಿ ಸಾಲದೆಂದು ಕಡ್ಡಿ ಬಿಸುಟವರನ್ನು ನಾನು ಕಂಡಿದ್ದೇನೆ. ತಪ್ಪು ಅವರದ್ದಲ್ಲ, ಹೆಸರಿನದು.

ನನ್ನ ಮೊದಲ ಕಾರ್ಡಿಗನ್ ಆಗಲಿಲ್ಲ. ಬೆನ್ನಿಗೊಂದು, ಮುಂದಕ್ಕೆರಡು, ತೋಳಿಗೆರಡು, ಹೀಗೆ ಐದು ಚೌಕ ತುಂಡು ಹೆಣೆದು ಹೊಲಿಯುವುದೆಂದು ಹೊರಟಿದ್ದೆ. ಎಂಬತ್ತು ಕಂಬದಿಂದ ಶುರುವಾದ ಬೆನ್ನು, ಒಂದು ಗೇಣು ಏರುವಷ್ಟರಲ್ಲಿ ಅರವತ್ತನಾಲ್ಕಕ್ಕೆ ಇಳಿದು ಮೊರದ ಆಕಾರ ತಾಳಿತ್ತು. ಕಾರಣ ಬಹಳ ಸಣ್ಣದು. ಪ್ರತಿ ಸಾಲಿನ ಆರಂಭದಲ್ಲಿ ಮೇಲೇರಲು ಹಾಕುವ ಮೂರು ಸರಪಳಿ ಒಂದು ಕಂಬಕ್ಕೆ ಸಮ. ತಿರುಗಿ ಬರುವಾಗ ಅದರ ನೆತ್ತಿಯ ಮೇಲೂ ಒಂದು ಕಂಬ ಹಾಕಬೇಕು. ನಾನು ಸಾಲು ಮುಗಿಯಿತೆಂದು ತಿರುಗಿಬಿಡುತ್ತಿದ್ದೆ. ಸಾಲಿಗೊಂದು ಕಂಬ ಕಳೆಯುತ್ತಾ ಹೋಯಿತು. ಪೂರ್ತಿ ಬಿಚ್ಚಿ ಉಂಡೆ ಸುತ್ತಿಟ್ಟೆ, ಆ ವರ್ಷದ ಚಳಿಗಾಲ ಹಾಗೇ ಕಳೆಯಿತು.

ಆಮೇಲೆ ಕಲಿತದ್ದು ಆರು ಮೂಲೆಯ ಕಾರ್ಡಿಗನ್. ಇದರಲ್ಲಿ ತಿರುಗುವ ಅಂಚೇ ಇಲ್ಲ, ನಡುವಿನಿಂದ ಸುತ್ತು ಸುತ್ತಾಗಿ ಹೊರಕ್ಕೆ ಬೆಳೆಯುತ್ತದೆ, ರಂಗೋಲಿ ಬೆಳೆದ ಹಾಗೆ. ಇಂಥ ಎರಡು ತುಂಡು ಹೆಣೆದರೆ ಇಡೀ ಕಾರ್ಡಿಗನ್. ರೇಡಿಯೋದಲ್ಲಿ ಚಿತ್ರ ತೋರಿಸಲಾರೆ, ನೀವು ಮನಸ್ಸಿನಲ್ಲಿ ಕಟ್ಟಿಕೊಳ್ಳಿ.

ನಾಲ್ಕು ಸರಪಳಿಯ ಪುಟ್ಟ ಬಳೆ. ಅದರೊಳಗೆ ಎರಡೆರಡು ಕಂಬದ ಆರು ಗೊಂಚಲು, ಗೊಂಚಲಿಗೂ ಗೊಂಚಲಿಗೂ ನಡುವೆ ಎರಡು ಸರಪಳಿ. ಆ ಸರಪಳಿಯ ಕಿಂಡಿಗಳೇ ಆರು ಮೂಲೆಗಳು. ಮುಂದಿನ ಸುತ್ತಿನಲ್ಲಿ ಪ್ರತಿ ಕಂಬದ ಮೇಲೊಂದು ಕಂಬ, ಪ್ರತಿ ಮೂಲೆಯ ಕಿಂಡಿಯಲ್ಲಿ ಎರಡು ಕಂಬ, ಎರಡು ಸರಪಳಿ, ಮತ್ತೆ ಎರಡು ಕಂಬ. ಇದೇ ಕೊನೆಯವರೆಗೂ. ಬದಿಯೊಂದರಲ್ಲಿ ಕಂಬಗಳು ಎರಡು, ಆರು, ಹತ್ತು, ಹದಿನಾಲ್ಕು ಎಂದು ನಾಲ್ಕು ನಾಲ್ಕಾಗಿ ಏರುತ್ತವೆ. ಒಂದು ಬದಿ ಎಣಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಮೊರದ ಆಕಾರಕ್ಕೆ ದಾರಿಯೇ ಇಲ್ಲ.

ಐದಾರು ಸುತ್ತು ಆಗುವ ಹೊತ್ತಿಗೆ ನಿಮಗೆ ಗಾಬರಿಯಾಗುತ್ತದೆ. ನೆಲದ ಮೇಲೆ ಹರವಿದರೆ ತುಂಡು ಚಪ್ಪಟೆಯಾಗಿ ಕೂರುವುದೇ ಇಲ್ಲ, ಹಪ್ಪಳ ಕರಿದಂತೆ ಅಲೆ ಅಲೆಯಾಗಿ ಎದ್ದು ನಿಲ್ಲುತ್ತದೆ. ಬಿಚ್ಚಲು ಹೋಗಬೇಡಿ. ಅದು ಹಾಗೇ ಇರಬೇಕು. ಲೆಕ್ಕ ಕೇಳಿ: ಇದೇ ರೀತಿ ನಾಲ್ಕು ಮೂಲೆ ಮಾಡಿದ್ದರೆ ಕರವಸ್ತ್ರದಂತೆ ಚಪ್ಪಟೆ ಚೌಕ ಆಗುತ್ತಿತ್ತು. ನಾವು ಆರು ಮೂಲೆ ಮಾಡಿದ್ದೇವೆ. ಎರಡು ಮೂಲೆಯಷ್ಟು ಬಟ್ಟೆ ಹೆಚ್ಚಾಯಿತು, ಅದಕ್ಕೆ ನೆಲದಲ್ಲಿ ಜಾಗವಿಲ್ಲ. ಈಗ ಅದನ್ನು ಎತ್ತಿ ಮೂರು ಮೂಲೆಯ ಮೇಲೆ ಮೂರು ಮೂಲೆ ಬರುವಂತೆ ಮಡಿಚಿ. ಬಡಗಿಯ ಮೂಲೆಮಟ್ಟದ ಆಕಾರ ಬರುತ್ತದೆ. ಅಡ್ಡ ಹೋದದ್ದು ತೋಳು, ಕೆಳಗೆ ಇಳಿದದ್ದು ಅರ್ಧ ಮೈ. ನೀವು ಮೊದಲು ಹಾಕಿದ ನಾಲ್ಕು ಸರಪಳಿಯ ಬಳೆ ಸರಿಯಾಗಿ ಕಂಕುಳಿಗೆ ಬಂದು ಕೂತಿರುತ್ತದೆ. ನಾನಂತೂ ಇದನ್ನು ಮೊದಲ ಸಲ ಮಡಿಚಿದಾಗ ಮತ್ತೆ ಬಿಡಿಸಿ ಮತ್ತೆ ಮಡಿಚಿ ನೋಡಿದ್ದೆ. ಕಂಕುಳಲ್ಲಿ ಹೊಲಿಗೆಯಿಲ್ಲ, ಪಕ್ಕೆಯಲ್ಲಿ ಹೊಲಿಗೆಯಿಲ್ಲ. ಅಂಗಡಿಯ ಸ್ವೆಟರು ಮೈಗೆ ಒತ್ತುವುದು ಆ ಎರಡು ಕಡೆಯೇ.

ಅಳತೆಯೂ ಸರಳ. ರವಿಕೆಯ ಮೇಲೆ, ಸೆರಗನ್ನೂ ಸೇರಿಸಿ, ಎದೆಯ ಸುತ್ತಳತೆ ತೆಗೆಯಿರಿ. 36 ಇಂಚು ಎನ್ನೋಣ. ಸಡಿಲಕ್ಕೆ ಆರು ಇಂಚು ಕೂಡಿಸಿ, 42. ಇದರ ಅರ್ಧ, 21 ಇಂಚು, ಆರು ಮೂಲೆಯ ತುಂಡಿನ ಒಂದು ಬದಿಯ ಉದ್ದ. ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ 21 ಬಂದ ಕೂಡಲೇ ನಿಲ್ಲಿಸಿ. ಆರು ಇಂಚು ಸಡಿಲ ಜಾಸ್ತಿಯೆಂದು ಕಡಿಮೆ ಮಾಡಬೇಡಿ. ಕೈ ಎತ್ತಿ ಅಟ್ಟದ ಡಬ್ಬಿ ತೆಗೆಯಬೇಕು, ಬಗ್ಗಿ ಮಗುವನ್ನು ಎತ್ತಬೇಕು, ಬಸ್ಸಿನಲ್ಲಿ ಕಂಬಿ ಹಿಡಿಯಬೇಕು. ಬಿಗಿಯಾದದ್ದು ಪೆಟ್ಟಿಗೆ ಸೇರುತ್ತದೆ.

ಆದರೆ ನಿಮ್ಮ ಕೈಯ ಬಿಗಿ ಬೇರೆ, ನನ್ನ ಕೈಯ ಬಿಗಿ ಬೇರೆ. ಅದಕ್ಕೆ ಮೊದಲು ಐದಿಂಚಿನ ಒಂದು ತುಂಡು ಹೆಣೆದು, ಒಗೆದು ಒಣಗಿಸಿ, ನಡುವೆ ನಾಲ್ಕಿಂಚು ಗುರುತು ಹಾಕಿ ಎಣಿಸಿ. ಅಡ್ಡಕ್ಕೆ 16 ಕಂಬ, ಉದ್ದಕ್ಕೆ 8 ಸಾಲು ಬಂದರೆ ಒಳ್ಳೆಯ ಹದ. ಹೆಚ್ಚು ಬಂದರೆ ನಿಮ್ಮ ಕೈ ಬಿಗಿ, ಅರ್ಧ ಮಿಲಿಮೀಟರು ಹೆಚ್ಚು ದಪ್ಪದ ಕಡ್ಡಿ ತೆಗೆದುಕೊಳ್ಳಿ. ಈ ತುಂಡನ್ನು ಹೆಣೆಯಲು ಎಲ್ಲರಿಗೂ ಬೇಸರ. ಒಂದು ಸಂಜೆಯ ಬೇಸರಕ್ಕೆ ಹೆದರಿ ಇಪ್ಪತ್ತು ಸಂಜೆ ಕಳೆದುಕೊಳ್ಳುವುದು ಬೇಡ. ಆ ಹದದಲ್ಲಿ 21 ಇಂಚಿಗೆ 21 ಸುತ್ತು ಬೇಕಾಗುತ್ತದೆ, ಕೊನೆಯ ಸುತ್ತಿನಲ್ಲಿ ಬದಿಗೆ 82 ಕಂಬ. ಎರಡೂ ತುಂಡು ಸೇರಿ 10,584 ಕಂಬ. ಸಂಖ್ಯೆ ಕೇಳಿ ಹೆದರಬೇಡಿ. ನಿಮಿಷಕ್ಕೆ ಎಂಟು ಕಂಬದಂತೆ ನಿಧಾನವಾಗಿ ಹೆಣೆದರೂ ಇಪ್ಪತ್ತೆರಡು ಗಂಟೆ. ದಿನಕ್ಕೊಂದು ಗಂಟೆ, ರೇಡಿಯೋ ಕೇಳುತ್ತಾ.

ಒಂದೊಂದು ತುಂಡಿಗೆ ಆರು ಬದಿ. ಒಂದು ಬದಿ ಮಡಿಕೆಯಾಗಿ ಕೈತುದಿ ಆಗುತ್ತದೆ, ಇನ್ನೊಂದು ಮಡಿಕೆಯಾಗಿ ಕೆಳಗಿನ ಅಂಚು. ಒಂದು ಮುಂದಿನ ತೆರಪು, ಒಂದು ಬೆನ್ನಿನ ನಡು. ಉಳಿದೆರಡು ಒಂದರ ಮೇಲೊಂದು ಕೂತು ಹೆಗಲು ಮತ್ತು ತೋಳಿನ ಮೇಲ್ಭಾಗ. ಬೆನ್ನಿನ ನಡುವನ್ನು ಇನ್ನೊಂದು ತುಂಡಿನ ಬೆನ್ನಿಗೆ ಹೊಲಿಯಿರಿ. ಹೆಗಲನ್ನು ಹೊಲಿಯುವಾಗ ಕತ್ತಿನ ಕಡೆ ಮೂರು ಇಂಚು ಬಿಟ್ಟುಬಿಡಿ. ಹೊಲಿಯಲು ಮೊಂಡು ತುದಿಯ ದಪ್ಪ ಸೂಜಿ, ಅದೇ ದಾರ. ತೋಳು ಮಣಿಕಟ್ಟಿಗೆ ಐದಾರು ಇಂಚು ಸಾಲದೆ ಬರುತ್ತದೆ, ಕೈತುದಿಯಿಂದ ಮುಂದಕ್ಕೆ ಹೆಣೆಯುವ ಮೊದಲ ಸುತ್ತಿನಲ್ಲಿ ಎರಡು ಕಂಬವನ್ನು ಒಂದಾಗಿ ಸೇರಿಸುತ್ತಾ ಹೋಗಿ ಕಿರಿದು ಮಾಡಿ, ಬೇಕಾದಷ್ಟು ಸುತ್ತು ಮುಂದುವರಿಸಿ. ಅಂಚಿಗೆ, ಇಂಗ್ಲೆಂಡಿನವರು ಡಬಲ್ ಎನ್ನುತ್ತಾರೆ ಎಂದೆನಲ್ಲ, ಆ ಗಿಡ್ಡ ಕಂಬವನ್ನು ಹೆಣಿಗೆಯ ಹಿಂದಿನ ಎಳೆಗೆ ಮಾತ್ರ ಹಾಕಿ ಅಡ್ಡಡ್ಡ ಪಟ್ಟಿ ಹೆಣೆದರೆ ಎಲಾಸ್ಟಿಕ್ಕಿನಂತೆ ಹಿಗ್ಗುತ್ತದೆ. ಗುಂಡಿ ಬೇಕೆನ್ನುವವರು ಹಾಕಿಕೊಳ್ಳಲಿ, ನನಗೆ ಬೇಡ. ದಾರದ ತುದಿಗಳನ್ನು ಮಾತ್ರ ನಾಲ್ಕು ಬೆರಳಿನಷ್ಟು ಉದ್ದ ಬಿಟ್ಟು, ಹಿಂಬದಿಯಲ್ಲಿ ಆ ಕಡೆ ಈ ಕಡೆ ಎರಡು ಮೂರು ಸಲ ತೂರಿಸಬೇಕು. ಗಂಟು ಹಾಕಿ ಕತ್ತರಿಸಿದರೆ ಮೂರನೆಯ ಒಗೆತಕ್ಕೆ ಬಿಚ್ಚುತ್ತದೆ. ಇದನ್ನು ಹ್ಯಾಂಗರಿಗೆ ನೇತುಹಾಕಲೂಬಾರದು, ಮಡಿಚಿಡಿ.

ಇನ್ನೊಂದು ವಿಷಯ ಹೇಳಬೇಕು. ನಿಟ್ಟಿಂಗಿಗೆ ಯಂತ್ರ ಬಂದು ಎಷ್ಟೋ ಕಾಲವಾಯಿತು, ಆದರೆ ಈ ಕ್ರೋಶಾ ಕಂಬವನ್ನು ಹಾಕುವ ಯಂತ್ರ ಮಾರುಕಟ್ಟೆಗೆ ಬಂದಿಲ್ಲ. ಅಂಗಡಿಯಲ್ಲಿ ನೀವು ನಿಜವಾದ ಕ್ರೋಶಾದ ಒಂದು ಬಟ್ಟೆ ಕಂಡರೆ ಅದನ್ನು ಯಾರೋ ಒಬ್ಬರು ಕೈಯಲ್ಲೇ ಹೆಣೆದಿದ್ದಾರೆ. ನೆರೆಯ ಆಂಧ್ರದ ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳಿಂದ ಈ ಕೆಲಸ ಬೇರೂರಿತು. ಈಚೆಗೆ ಅಲ್ಲಿನ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ 1982ರಲ್ಲಿ ಅಲ್ಲಿ ಲೇಸು ಹೆಣೆಯುವ ಹೆಂಗಸರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ದೂರದ ದೇಶಗಳಿಗೆ ಹೋಗುವ ಸರಕನ್ನು ದಿನವೆಲ್ಲ ಹೆಣೆಯುತ್ತಿದ್ದ ಅವರನ್ನು ದುಡಿಯುವವರೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು ಎಂದೇ ಭಾವಿಸಿದ್ದರು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜಗುಲಿ. ಮಧ್ಯಾಹ್ನದ ಪಾತ್ರೆ ತೊಳೆದು, ರಾತ್ರಿಯ ಅಕ್ಕಿ ಆರಿಸುವ ಮುನ್ನ ಸಿಕ್ಕ ಮುಕ್ಕಾಲು ಗಂಟೆಯಲ್ಲಿ ಅತ್ತೆ ಕಡ್ಡಿ ಹಿಡಿಯುತ್ತಿದ್ದರು. “ಅವಳಿಗೇನು, ಹೊತ್ತು ಹೋಗಲ್ಲ” ಎಂದು ಹಿರಿಯರು ಹೇಳುತ್ತಿದ್ದರು.

ಹೋದ ವರ್ಷ ಅತ್ತೆಗೆಂದು ಆರು ಮೂಲೆಯ ಎರಡು ತುಂಡು ಹೆಣೆದೆ. ತೆಳು ಅರಿಶಿನ ಬಣ್ಣ. ಅಳತೆ ತೆಗೆಯಲು ಟೇಪು ಹಿಡಿದು ಹೋದಾಗ ಅವರು ಸಂಕೋಚದಿಂದ ಕೈ ಎತ್ತಿ ನಿಂತರು. ಈಗ ಎಂಬತ್ತರ ಹತ್ತಿರದ ವಯಸ್ಸು, ಬೆರಳುಗಳು ಗಂಟುಗಟ್ಟಿವೆ, ಕಡ್ಡಿ ಹಿಡಿದು ಹತ್ತು ವರ್ಷದ ಮೇಲಾಯಿತು. “ನಂಗ್ಯಾಕೆ ಮಗೂ, ಮಕ್ಳಿಗೆ ಹಾಕು” ಅಂದರು. ನಾನು ಬರೆದುಕೊಂಡೆ, 34, ಸಡಿಲಕ್ಕೆ 6.

ಮುಗಿಸಿ ಕೊಟ್ಟ ದಿನ ಅವರು ಅದನ್ನು ಮೊದಲು ತೊಡಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಹಿಂಬದಿ ತಿರುಗಿಸಿದರು. ಬೆನ್ನಿನ ಹೊಲಿಗೆಯ ಮೇಲೆ ಬೆರಳು ಆಡಿಸಿದರು. ಒಂದು ಮೂಲೆಯ ಕಂಬಗಳನ್ನು ತುಟಿ ಅಲ್ಲಾಡಿಸುತ್ತಾ ಎಣಿಸಿದರು. ಆಮೇಲೆ ತೊಟ್ಟುಕೊಂಡು ಒಂದು ತೋಳನ್ನು ಬೆಳಕಿಗೆ ಹಿಡಿದರು. ಕೈತುದಿಯಲ್ಲಿ ಒಂದು ಎಳೆ ಹೊರಗೆ ಉಳಿದಿತ್ತು.

“ಸೂಜಿ ಕೊಡು” ಅಂದರು. ನಾನು ಬಿಚ್ಚಿ ಕೊಡಿ ಅತ್ತೆ, ಹಾಕಿ ಕೊಡುತ್ತೇನೆ ಅಂದೆ. ಅವರು ತೆಗೆಯಲಿಲ್ಲ. ಕನ್ನಡಕ ಏರಿಸಿಕೊಂಡು, ಮೈಮೇಲೆ ಇದ್ದ ಹಾಗೆಯೇ ಆ ಎಳೆಯನ್ನು ಒಳಗೆ ತೂರಿಸಿದರು, ಆ ಕಡೆಗೊಮ್ಮೆ, ಈ ಕಡೆಗೊಮ್ಮೆ.